ಹರ್ಮನ್ ಮೋಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ (29 ಮೇ 1811 – 10 ಮೇ 1881) ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ, ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರದ ಸಂಪಾದಕ ಮತ್ತು ಹಳೆಯ ಕನ್ನಡ ಕೃತಿಗಳನ್ನು ಅಚ್ಚಿಗೆ ತಂದ ವಿದ್ವಾಂಸ. ಕೊಡಗಿನಲ್ಲಿ ಪ್ರಾಟೆಸ್ಟಂಟ್ ಕ್ರೈಸ್ತ ಸಭೆಯನ್ನು ಆರಂಭಿಸಿದವರೂ ಅವರೇ. ಅವರ ಹೆಸರನ್ನು ಮೊಗ್ಲಿಂಗ್ ಎಂದೂ ಬರೆಯುವುದುಂಟು. ಪತ್ರಿಕೋದ್ಯಮದ ಚರಿತ್ರೆಯಲ್ಲಿ ಅವರಿಗೆ ದೊರೆತಿರುವ ಸ್ಥಾನ ಎಲ್ಲರಿಗೂ ತಿಳಿದದ್ದು. ಆದರೆ ಅವರು ತಮ್ಮನ್ನು ಮೊದಲಿಗೆ ಸಭಾಸೇವಕರೆಂದೇ ತಿಳಿದಿದ್ದರು. ಪತ್ರಿಕೆ, ಗ್ರಂಥಪ್ರಕಟಣೆ, ಶಾಲೆ ಎಲ್ಲವೂ ಆ ಸೇವೆಯ ಕವಲುಗಳಾಗಿದ್ದವು. ಆ ಸೇವೆಯ ಸ್ವರೂಪ, ಅದಕ್ಕೆ ತೆರಬೇಕಾದ ಬೆಲೆ, ಅದನ್ನು ಬೆನ್ನಿಗೆ ನಿಂತು ನಡೆಸಿಕೊಟ್ಟವರ ಪಾತ್ರ ಇವೆಲ್ಲವೂ ಸ್ಪಷ್ಟವಾಗಿ ಕಾಣುವುದು ಅವರ ಕೊಡಗಿನ ವರ್ಷಗಳಲ್ಲಿ.

ಹುಟ್ಟು ಮತ್ತು ಶಿಕ್ಷಣ

ಮೋಗ್ಲಿಂಗ್ ಹುಟ್ಟಿದ್ದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ಅಭ್ಯಾಸ ಮಾಡಿದರು. ಆ ಕಾಲದಲ್ಲಿ ಟ್ಯೂಬಿಂಗನ್ ಶಾಂತವಾದ ವಿದ್ಯಾಕೇಂದ್ರವಾಗಿರಲಿಲ್ಲ. ಅಲ್ಲಿಯೇ ಪಾಠ ಹೇಳುತ್ತಿದ್ದ ಡೇವಿಡ್ ಫ್ರೆಡ್ರಿಕ್ ಸ್ಟ್ರೌಸ್ ಯೇಸುವಿನ ಜೀವನಕಥೆಯನ್ನು ಐತಿಹಾಸಿಕ ವಿಮರ್ಶೆಗೆ ಒಡ್ಡಿದ ಗ್ರಂಥವನ್ನು 1835ರಲ್ಲಿ ಪ್ರಕಟಿಸಿದರು. ಅದು ಯುರೋಪಿನ ಚರ್ಚುಗಳನ್ನೆಲ್ಲ ಕಲಕಿಬಿಟ್ಟಿತು. ವುರ್ಟೆಂಬರ್ಗಿನ ಹಳ್ಳಿಪಟ್ಟಣಗಳಲ್ಲಾದರೋ ಭಕ್ತಿಪಂಥದ ಪ್ರಭಾವ ಬಲವಾಗಿತ್ತು. ಬುದ್ಧಿಯ ವಿಮರ್ಶೆ ಮತ್ತು ಹೃದಯದ ಭಕ್ತಿ ಎಂಬ ಈ ಎರಡು ಸೆಳೆತಗಳ ನಡುವೆ ಬೆಳೆದ ತರುಣರಲ್ಲಿ ಕೆಲವರು ಮಿಷನ್ ಸೇವೆಯತ್ತ ಹೊರಳಿದರು. ಮೋಗ್ಲಿಂಗ್ ಅಂಥವರಲ್ಲಿ ಒಬ್ಬರು. ಅವರ ಸಮಕಾಲೀನರೂ ಗೆಳೆಯರೂ ಆದ ಹರ್ಮನ್ ಗುಂಡರ್ಟ್ ಮುಂದೆ ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳಂ ಭಾಷೆಗೆ ನಿಘಂಟು, ವ್ಯಾಕರಣಗಳನ್ನು ಕೊಟ್ಟರು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿಗೆ ಸೇರಿದವರಲ್ಲಿ ಹೆಚ್ಚಿನವರು ರೈತರ, ಕುಶಲಕರ್ಮಿಗಳ ಮಕ್ಕಳು. ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು ವಿರಳ. ಮೋಗ್ಲಿಂಗ್ ಅವರ ವಿದ್ವತ್ತು ಮಿಷನ್ನಿಗೆ ಲಾಭವಾಯಿತು ನಿಜ; ಆದರೆ ತಾನೇ ಯೋಚಿಸಿ ತಾನೇ ನಿರ್ಧರಿಸುವ ಅವರ ಅಭ್ಯಾಸ ಆಡಳಿತ ಮಂಡಳಿಗೆ ಆಗಾಗ ತಲೆನೋವನ್ನೂ ತಂದಿರಬೇಕು.

ಭಾರತಕ್ಕೆ ಆಗಮನ

1833ರ ಸನದು ಕಾಯಿದೆಯ ನಂತರ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿಯ ಸೀಮೆಯಲ್ಲಿ ನೆಲೆಸುವ ಅವಕಾಶ ದೊರೆಯಿತು. 1834ರ ಅಕ್ಟೋಬರಿನಲ್ಲಿ ಸಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರನ್ನು ಸೇರಿದರು. ಎರಡು ವರ್ಷಗಳ ನಂತರ, 1836ರಲ್ಲಿ, ಕಳುಹಿಸಲ್ಪಟ್ಟ ತಂಡದಲ್ಲಿ ಮೋಗ್ಲಿಂಗ್ ಇದ್ದರು. ಅವರು ಬಂದ ಸ್ವಲ್ಪ ಕಾಲದಲ್ಲಿಯೇ, 1837ರ ಏಪ್ರಿಲ್‌ನಲ್ಲಿ, ಕೊಡಗು ಮತ್ತು ಸುಳ್ಯದ ಕಡೆಯಿಂದ ಹೊರಟ ಬಂಡಾಯದ ದಂಡು ಮಂಗಳೂರಿನವರೆಗೆ ಬಂದು ಕಂಪನಿಯ ಆಡಳಿತವನ್ನು ನಡುಗಿಸಿತು.

ಕನ್ನಡವನ್ನು ಕಲಿಯುವುದಕ್ಕಾಗಿಯೂ ಹೊಸ ಕೇಂದ್ರಗಳನ್ನು ತೆರೆಯುವುದಕ್ಕಾಗಿಯೂ ಅವರು ಕೆಲಕಾಲ ಧಾರವಾಡ, ಹುಬ್ಬಳ್ಳಿಗಳಲ್ಲಿ ಕೆಲಸ ಮಾಡಿದರು. ಅಲ್ಲಿ ಕಾಲಜ್ಞಾನವನ್ನು ನಂಬುವ ಪಂಥದ ಕೆಲವರು ಮಿಷನರಿಗಳ ಬಳಿಗೆ ಬಂದು, ತಮ್ಮ ಜನರೆಲ್ಲ ಹೊಸ ಧರ್ಮಕ್ಕೆ ಬರಲು ಸಿದ್ಧರಿದ್ದಾರೆಂಬ ಆಸೆಯನ್ನು ಹುಟ್ಟಿಸಿದರು. ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ಬೇಸಾಯದ ವಸಾಹತೊಂದನ್ನು ತೆರೆಯಲಾಯಿತು. ನಿರೀಕ್ಷೆ ಫಲಿಸಲಿಲ್ಲ. ಈ ಸೋಲನ್ನು ಇಲ್ಲಿ ಹೇಳಲು ಕಾರಣವಿದೆ. ಜನರಿಗೆ ನೆಲವನ್ನು ಕೊಡದೆ ಸಭೆಯನ್ನು ಕಟ್ಟುವುದು ಕಷ್ಟ, ನೆಲವನ್ನು ಕೊಟ್ಟೇ ಕಟ್ಟುವುದು ಅಪಾಯ. ಈ ಇಕ್ಕಟ್ಟು ಹದಿನೈದು ವರ್ಷಗಳ ನಂತರ ಕೊಡಗಿನಲ್ಲಿ ಮತ್ತೆ ಎದುರಾಯಿತು.

ಬಲ್ಮಠ: ಸಭಾಸೇವಕರನ್ನು ಬೆಳೆಸಿದ್ದು

ಮಂಗಳೂರಿಗೆ ಮರಳಿದ ಮೋಗ್ಲಿಂಗ್ ತಮ್ಮ ಶಕ್ತಿಯನ್ನೆಲ್ಲ ಊರಿನ ಹುಡುಗರನ್ನು ಉಪದೇಶಿಗಳನ್ನಾಗಿಯೂ ಸಭಾಪಾಲಕರನ್ನಾಗಿಯೂ ತರಬೇತುಗೊಳಿಸುವ ಕೆಲಸಕ್ಕೆ ಮೀಸಲಿಟ್ಟರು. ಜಿಲ್ಲಾ ಕಲೆಕ್ಟರ್ ಎಚ್. ಎಂ. ಬ್ಲೇರ್ 1840ರಲ್ಲಿ ಮಿಷನ್ನಿಗೆ ಕೊಟ್ಟ ಬಲ್ಮಠದ ಗುಡ್ಡ ಈ ಕೆಲಸಕ್ಕೆ ನೆಲೆಯಾಯಿತು. ಪರದೇಶದಿಂದ ಬಂದ ಪಾದ್ರಿ ಎಷ್ಟೇ ಶ್ರದ್ಧಾವಂತನಾದರೂ ಅವನು ಬಂದು ಹೋಗುವವನು. ಜ್ವರ ಬಂದರೆ ಸಾಯುವವನು, ಇಲ್ಲವೆ ಹಡಗು ಹತ್ತುವವನು. ಸಭೆ ಉಳಿಯಬೇಕಾದರೆ ಅದರ ಹೊಣೆ ಆ ನೆಲದವರ ಹೆಗಲಿಗೆ ಬರಬೇಕು. ಮೋಗ್ಲಿಂಗ್ ಅವರ ಶಿಕ್ಷಣಕಾರ್ಯದ ಹಿಂದೆ ಇದ್ದ ಆಲೋಚನೆ ಇದು. ತರಗತಿಯ ಪಾಠ ಮಾತ್ರ ಸಾಲದೆಂದು ವಿದ್ಯಾರ್ಥಿಗಳೊಡನೆ ಒಟ್ಟಿಗೆ ಬಾಳುವ ಕ್ರಮವನ್ನು ಅವರು ಅನುಸರಿಸಿದರು. ಆಳುವ ಜನಾಂಗಕ್ಕೂ ಆಳಿಸಿಕೊಳ್ಳುವವರಿಗೂ ನಡುವೆ ಅಂತರವಿರಬೇಕೆಂದು ನಂಬಿದ್ದ ಕಾಲದಲ್ಲಿ ಅದು ಸಾಮಾನ್ಯವಾದ ಸಂಗತಿಯಲ್ಲ.

ಆನಂದರಾವ್ ಕೌಂಡಿನ್ಯ

ಈ ಕೆಲಸದ ದೊಡ್ಡ ಫಲವೂ ದೊಡ್ಡ ಗದ್ದಲವೂ ಒಟ್ಟಿಗೆ ಬಂದವು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣರು 1844ರ ಜನವರಿಯಲ್ಲಿ ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದರು. ಗುರುವಿನ ಹೆಸರನ್ನೇ ಮುಂದಿಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡರು. ಮಂಗಳೂರು ಅಲ್ಲೋಲಕಲ್ಲೋಲವಾಯಿತು. ಪೋಷಕರು ಶಾಲೆಯಿಂದ ಮಕ್ಕಳನ್ನು ಬಿಡಿಸಿದರು. ಕೌಂಡಿನ್ಯರ ಪತ್ನಿ ಅವರೊಂದಿಗೆ ಬಾಳಲು ಒಪ್ಪಲಿಲ್ಲ. ಒಬ್ಬನ ನಂಬಿಕೆಯ ಬದಲಾವಣೆ ಮನೆಯೊಂದನ್ನು ಹೇಗೆ ಒಡೆಯಬಲ್ಲದು ಎಂಬುದನ್ನು ಮೋಗ್ಲಿಂಗ್ ಹತ್ತಿರದಿಂದಲೇ ಕಂಡರು.

ಮೋಗ್ಲಿಂಗ್ ಯುರೋಪಿಗೆ ಹೋಗಿದ್ದ ಕಾಲದಲ್ಲಿ ಕೌಂಡಿನ್ಯರು ಬಾಸೆಲ್ಲಿನ ಮಿಷನ್ ವಿದ್ಯಾಲಯವನ್ನು ಸೇರಿದರು. ಅಲ್ಲಿ ಶಿಕ್ಷಣ ಮುಗಿಸಿ 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತರಾಗಿ ತಾಯ್ನಾಡಿಗೆ ಬಂದರು. ಬಾಸೆಲ್ ಮಿಷನ್ನಿನಲ್ಲಿ ಯುರೋಪಿಯನ್ನರಿಗೆ ಸಮಾನವಾಗಿ ಪೂರ್ಣ ಮಿಷನರಿ ಪದವಿ ಪಡೆದ ಮೊದಲ ಭಾರತೀಯರೆಂದು ಅವರನ್ನು ಗುರುತಿಸಲಾಗುತ್ತದೆ. ಮುಂದೆ ಅವರು ಮಂಗಳೂರಿನ ಸೆಮಿನರಿಯಲ್ಲಿ ಅಧ್ಯಾಪಕರಾಗಿ ಉಪದೇಶಿಗಳ ಒಂದು ಪೀಳಿಗೆಯನ್ನೇ ಬೆಳೆಸಿದರು. ಗುರುಶಿಷ್ಯರ ಈ ಸಂಬಂಧದಲ್ಲಿ ಯಾರು ಯಾರಿಗೆ ಆಧಾರವಾದರೆಂಬುದು ಕೊಡಗಿನ ಕಥೆಯಲ್ಲಿ ತಲೆಕೆಳಗಾಗುತ್ತದೆ.

ಪತ್ರಿಕೆ ಮತ್ತು ಗ್ರಂಥಪ್ರಕಟಣೆ

1841ರಲ್ಲಿ ಮಂಗಳೂರಿನಲ್ಲಿ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. 1843ರ ಜುಲೈ 1ರಂದು ಮಂಗಳೂರ ಸಮಾಚಾರ ಹೊರಬಂದಿತು. ಹದಿನೈದು ದಿನಗಳಿಗೊಮ್ಮೆ ಬರುತ್ತಿದ್ದ, ಒಂದು ದುಡ್ಡಿಗೆ ಸಿಗುತ್ತಿದ್ದ ಈ ಸಣ್ಣ ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರ್ಕಾರದ ಕಾಯಿದೆ, ಬೇರೆ ದೇಶಗಳ ಸುದ್ದಿ, ಕಥೆ, ದಾಸರ ಪದ ಇವೆಲ್ಲ ಇರುತ್ತಿದ್ದವು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಎಂಬ ಹೆಸರಿನಲ್ಲಿ ಅಚ್ಚುಮೊಳೆಗಳಲ್ಲಿ ಮುದ್ರಣವಾಗತೊಡಗಿತು. ಹೆಚ್ಚು ಕಾಲ ಬಾಳಲಿಲ್ಲ. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಈ ಪತ್ರಿಕೆಯ ನೆನಪಿಗಾಗಿ.

ಇದಕ್ಕಿಂತ ತೂಕದ ಕೆಲಸ ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಗ್ರಂಥಮಾಲೆ. 1848ರಿಂದ ಕೆಲವು ವರ್ಷಗಳ ಕಾಲ ನಡೆದ ಈ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು ಮೊದಲಾದವು ಕಲ್ಲಚ್ಚಿನಲ್ಲಿ ಪ್ರಕಟವಾದವು. ಓಲೆಗರಿಗಳಲ್ಲಿ, ಮಠಮಂದಿರಗಳಲ್ಲಿ, ಯಾರದೋ ಮನೆಯ ಅಟ್ಟದಲ್ಲಿ ಇದ್ದ ಕೃತಿಗಳು ಓದುಗನ ಕೈಗೆ ಪುಸ್ತಕವಾಗಿ ಬಂದವು. ಇದರ ಖರ್ಚನ್ನು ವಹಿಸಿದವರು ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಅನ್ಯಧರ್ಮದ ಪುರಾಣಗಳನ್ನು ಒಬ್ಬ ಪಾದ್ರಿ ಏಕೆ ಅಚ್ಚು ಹಾಕಿಸಬೇಕು ಎಂಬ ಪ್ರಶ್ನೆ ಸಹಜ. ಜನರ ಮನಸ್ಸನ್ನು ತಿಳಿಯದೆ ಅವರಿಗೆ ಉಪದೇಶ ಮಾಡಲಾಗದು ಎಂಬ ಮಿಷನರಿಯ ಲೆಕ್ಕಾಚಾರ ಇಲ್ಲಿ ಇತ್ತು. ಆದರೆ ಆ ಕೆಲಸವನ್ನು ಅವರು ಮಾಡಿದ ಬಗೆಯನ್ನು ನೋಡಿದರೆ ಲೆಕ್ಕಾಚಾರವನ್ನು ಮೀರಿದ ಪ್ರೀತಿ ಅಲ್ಲಿ ಇದ್ದಂತೆ ತೋರುತ್ತದೆ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಈ ಸಾಧನೆಗಾಗಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಕೊಡಗಿಗೆ ಹೋದದ್ದು

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪನಿ ಸರ್ಕಾರ ಕೊಡಗನ್ನು ತನ್ನ ವಶಕ್ಕೆ ತೆಗೆದುಕೊಂಡು ಮೈಸೂರಿನ ಕಮಿಷನರ ಮೇಲ್ವಿಚಾರಣೆಗೆ ಒಪ್ಪಿಸಿತ್ತು. ಕೊಡಗಿಗೆ ಕ್ರೈಸ್ತಧರ್ಮ ಆಗ ತೀರ ಹೊಸತಾಗಿರಲಿಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕೆಥೋಲಿಕರಿಗೆ ದೊಡ್ಡವೀರರಾಜೇಂದ್ರ ವೀರಾಜಪೇಟೆಯಲ್ಲಿ ನೆಲೆಯನ್ನು ಕೊಟ್ಟಿದ್ದನು. ಅಲ್ಲಿನ ಕೆಥೋಲಿಕ ಚರ್ಚಿನ ಚರಿತ್ರೆ 1792ರಿಂದ ತೊಡಗುತ್ತದೆ. ಆದರೆ ಕೊಡವರ ನಡುವೆ ಆ ಧರ್ಮ ಹರಡಿರಲಿಲ್ಲ. ಪದಚ್ಯುತ ರಾಜನ ಮಗಳು ಗೌರಮ್ಮ 1852ರಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ದೀಕ್ಷಾಸ್ನಾನ ಪಡೆದದ್ದು ಅರಮನೆಯ ಸುದ್ದಿ. ಕೊಡಗಿನ ಮನೆಗಳಿಗೆ ತಟ್ಟಿದ ಘಟನೆ ಬೇರೆಯದೇ ಆಗಿತ್ತು.

ಆಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವರು ಘಟ್ಟವನ್ನಿಳಿದು ಮಂಗಳೂರಿಗೆ ಬಂದು ಮೋಗ್ಲಿಂಗ್ ಅವರನ್ನು ಕಂಡರು. ಕ್ರೈಸ್ತಧರ್ಮವನ್ನು ಸ್ವೀಕರಿಸಿ ಸ್ತೆಫನಸ್ ಸೋಮಯ್ಯ ಎಂಬ ಹೆಸರನ್ನು ಪಡೆದರು. ಹೆಸರಿನ ಆಯ್ಕೆಯನ್ನು ಗಮನಿಸಬೇಕು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಕೊನೆಯಲ್ಲಿ ಬರುವ ಸ್ತೆಫನನು ಅಖಾಯ ಸೀಮೆಯಲ್ಲಿ ಮೊದಲು ನಂಬಿದವನು. ತನ್ನ ಮನೆಯವರೊಂದಿಗೆ ಸಭೆಯ ಸೇವೆಗೆ ತನ್ನನ್ನು ಒಪ್ಪಿಸಿಕೊಂಡವನು. ಅಂಥವರ ಮಾತಿಗೆ ಮನ್ನಣೆ ಕೊಡಬೇಕೆಂದು ಪೌಲನು ಸಭೆಗೆ ತಿಳಿಸುತ್ತಾನೆ. ಕೊಡಗಿನ ಪ್ರಥಮಫಲವೆಂದು ಸೋಮಯ್ಯನವರನ್ನು ಕಂಡ ಗುರುವಿನ ಮನಸ್ಸು ಈ ಹೆಸರಿನಲ್ಲಿ ಕಾಣುತ್ತದೆ.

ಸೋಮಯ್ಯನವರ ಪಾಲಿಗೆ ಅದು ಸುಲಭದ ನಡೆಯಾಗಿರಲಿಲ್ಲ. ಕೊಡವ ಸಮಾಜದಲ್ಲಿ ವ್ಯಕ್ತಿಗೆ ಗುರುತು ಬರುವುದು ಒಕ್ಕದಿಂದ. ಐನ್‌ಮನೆಯಲ್ಲಿ ಒಟ್ಟಾಗಿ ಬಾಳುವುದು, ಕೈಮಡದಲ್ಲಿ ಗುರುಕಾರಣರಿಗೆ ಎಡೆಯಿಡುವುದು, ಜಮ್ಮಾ ಭೂಮಿಯನ್ನು ಒಕ್ಕದ ಸೊತ್ತಾಗಿ ಅನುಭವಿಸುವುದು, ಇವು ಒಂದನ್ನೊಂದು ಹೆಣೆದುಕೊಂಡ ವ್ಯವಸ್ಥೆಗಳು. ಗುರುಕಾರಣರ ಪೂಜೆಯಿಂದ ಹಿಂದೆ ಸರಿದವನು ಒಕ್ಕದವನಾಗಿ ಉಳಿಯುವನೇ, ಅವನಿಗೆ ಭೂಮಿಯ ಮೇಲೆ ಹಕ್ಕು ಇರುವುದೇ ಎಂಬುದು ಕುಟುಂಬದವರಿಗೆ ಬರಿಯ ದ್ವೇಷದ ಪ್ರಶ್ನೆಯಾಗಿರದೆ ನಿಜವಾದ ತೊಡಕಾಗಿತ್ತು. ಮತಾಂತರದಿಂದ ಪಿತ್ರಾರ್ಜಿತದ ಹಕ್ಕು ಹೋಗದು ಎಂಬ ಕಾಯಿದೆ 1850ರಲ್ಲಿ ಬಂದಿತ್ತಾದರೂ ಕಾಯಿದೆಯ ಮಾತು ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯನ್ನು ಮುಟ್ಟುವುದು ಅಷ್ಟು ಬೇಗನೆ ಆಗುವ ಕೆಲಸವಲ್ಲ. ಸೋಮಯ್ಯನವರು ಸ್ವಜನರ ವಿರೋಧವನ್ನು ಎದುರಿಸಬೇಕಾಯಿತು.

ತನ್ನ ಮಾತನ್ನು ನಂಬಿ ಒಬ್ಬನು ಇಷ್ಟನ್ನು ಪಣಕ್ಕೊಡ್ಡಿರುವಾಗ ಗುರುವಾದವನು ಘಟ್ಟದ ಕೆಳಗೆ ಕುಳಿತು ಪತ್ರ ಬರೆಯುತ್ತಿರಬಹುದೇ? ಮೋಗ್ಲಿಂಗ್ ಕೊಡಗಿಗೆ ಹೊರಟರು. 1853ರಿಂದ ಅವರ ಕೆಲಸದ ಕೇಂದ್ರ ಮಡಿಕೇರಿಯಾಯಿತು.

ಮಿಷನ್ನಿನ ಮುಖ್ಯಸ್ಥರೊಡನೆ ಸಂಬಂಧ

ಈ ನಿರ್ಧಾರವನ್ನು ಅಂದಿನ ಬಾಸೆಲ್ ಮಿಷನ್ನಿನ ಹಿನ್ನೆಲೆಯಲ್ಲಿ ನೋಡಬೇಕು. ಮಿಷನರಿಯ ಊರು, ಕೆಲಸ, ಮದುವೆ ಎಲ್ಲಕ್ಕೂ ಬಾಸೆಲ್ಲಿನ ಸಮಿತಿಯ ಅನುಮತಿ ಬೇಕಾಗಿತ್ತು. ಕಾಗದ ಹೋಗಿ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. 1850ರಲ್ಲಿ ಮುಖ್ಯಸ್ಥರಾದ ಯೋಸೆಫ್ ಯೋಸೆನ್‌ಹಾನ್ಸ್ ಶಿಸ್ತಿನ ಮನುಷ್ಯರು. 1851–52ರಲ್ಲಿ ಸ್ವತಃ ಭಾರತಕ್ಕೆ ಬಂದು ಕೇಂದ್ರಗಳನ್ನೆಲ್ಲ ನೋಡಿ, ಕೆಲಸವನ್ನು ಕಟ್ಟುನಿಟ್ಟಾದ ನಿಯಮಗಳಿಗೆ ಒಳಪಡಿಸಿದರು. ದೂರದೇಶದಲ್ಲಿ ಚದರಿರುವ, ಪರಸ್ಪರ ಹೊಂದಿಕೊಳ್ಳದ ಪಾದ್ರಿಗಳನ್ನು ಒಂದು ಸಂಸ್ಥೆಯಾಗಿ ಹಿಡಿದಿಡಲು ಅಂಥ ಬಿಗಿ ಬೇಕಿತ್ತೆಂಬುದನ್ನು ಅಲ್ಲಗಳೆಯಲಾಗದು. ಮುಂದಿನ ದಶಕಗಳಲ್ಲಿ ಮಿಷನ್ನಿನ ಶಾಲೆಗಳು, ಹೆಂಚಿನ ಕಾರ್ಖಾನೆಗಳು, ನೇಯ್ಗೆಯ ಶಾಲೆಗಳು ನಿಂತದ್ದು ಆ ಶಿಸ್ತಿನ ಮೇಲೆಯೇ.

ಆದರೆ ಕೊಡಗಿನ ಕರೆ ಯಾವ ಯೋಜನೆಯಲ್ಲಿಯೂ ಇರಲಿಲ್ಲ. ಹೊಸ ಕೇಂದ್ರವೊಂದನ್ನು ತೆರೆಯುವ ಉದ್ದೇಶ ಮಿಷನ್ನಿಗಿರಲಿಲ್ಲವಾಗಿ ಕೊಡಗಿನ ಸೇವೆ ಮೋಗ್ಲಿಂಗ್ ಅವರ ಸ್ವತಂತ್ರ ಹೊಣೆಯಾಗಿ ಆರಂಭವಾಯಿತು. ಸಂಸ್ಥೆಯ ಆಸರೆ ಇಲ್ಲದ ಪಾದ್ರಿಗೆ ಆಸರೆಯಾದವರು ಸ್ನೇಹಿತರು. ಅವರಲ್ಲಿ ಮೊದಲಿಗರು ಶಿಷ್ಯ ಕೌಂಡಿನ್ಯ. ಕಂಪನಿಯ ಕೆಲವು ಅಧಿಕಾರಿಗಳ ಸಹಾಯವೂ ಒದಗಿತು. ಸುವಾರ್ತೆಯೂ ಸರ್ಕಾರವೂ ಒಂದೇ ಎಂಬ ಭಾವನೆಯನ್ನು ಜನರಲ್ಲಿ ಅದು ಹುಟ್ಟಿಸುವ ಅಪಾಯವಿತ್ತು. ರಾಜನನ್ನು ಕಳೆದುಕೊಂಡು ಇಪ್ಪತ್ತು ವರ್ಷವೂ ತುಂಬದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಮೋಗ್ಲಿಂಗ್ ಅವರ ಸೇವೆಯನ್ನು ವಿಮರ್ಶಿಸುವವರು ಈ ಅಂಶವನ್ನು ಬಿಡುವಂತಿಲ್ಲ. ಕೆಲವು ವರ್ಷಗಳ ನಂತರ ಬಾಸೆಲ್ ಮಿಷನ್ ಕೊಡಗಿನ ಕೆಲಸವನ್ನು ತನ್ನದಾಗಿ ವಹಿಸಿಕೊಂಡಿತು.

ಕೊಡಗಿನ ಆಡಳಿತಭಾಷೆ ಕನ್ನಡವಾಗಿದ್ದುದು ಮೋಗ್ಲಿಂಗ್ ಅವರಿಗೆ ಅನುಕೂಲವಾಯಿತು. ಮನೆಯಲ್ಲಿ ಕೊಡವ ತಕ್ಕ್ ಆಡುವವರು ಕಚೇರಿಯಲ್ಲಿ, ಶಾಲೆಯಲ್ಲಿ, ಲೆಕ್ಕಪತ್ರದಲ್ಲಿ ಕನ್ನಡವನ್ನೇ ಬಳಸುತ್ತಿದ್ದರು. ನಾಡಿನ ಚರಿತ್ರೆಯನ್ನು ತಿಳಿಯಲು ಅವರು ವೀರರಾಜೇಂದ್ರನ ಕಾಲದ ರಾಜೇಂದ್ರನಾಮೆಯನ್ನು ಓದಿದರು. ಅದನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1855ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಅವರ ಇಂಗ್ಲಿಷ್ ಗ್ರಂಥ ಕೂರ್ಗ್ ಮೆಮಾಯರ್ಸ್ ಹೊರಬಂದಿತು. ನಾಡಿನ ವರ್ಣನೆ, ರಾಜರ ಚರಿತ್ರೆ, ಮಿಷನ್ನಿನ ಆರಂಭದ ಕಥೆ ಮೂರೂ ಅದರಲ್ಲಿವೆ. ಹಾಲೇರಿ ರಾಜರ ಕ್ರೌರ್ಯವನ್ನು ಹೇಳುವಾಗ ಕಂಪನಿಯ ಪಕ್ಷಪಾತ ಅಲ್ಲಲ್ಲಿ ಇಣುಕುತ್ತದೆ. ಆದರೂ ಕೊಡಗಿನ ಚರಿತ್ರೆಯನ್ನು ಬರೆಯುವವರು ಇಂದಿಗೂ ಆ ಪುಸ್ತಕವನ್ನು ತೆರೆಯಲೇಬೇಕು.

ಆನಂದಪುರ

ಮೋಗ್ಲಿಂಗ್ ಕೊಡಗಿಗೆ ಹೋದದ್ದು ಒಬ್ಬ ಕೊಡವನ ಕರೆಗೆ. ಹೆಚ್ಚಿನ ಸಂಖ್ಯೆಯಲ್ಲಿ ಸಭೆಗೆ ಬಂದವರು ಮಾತ್ರ ಕೊಡವರಲ್ಲ, ಅವರ ಗದ್ದೆಗಳಲ್ಲಿ ದುಡಿಯುತ್ತಿದ್ದ ಹೊಲೆಯ ಸಮುದಾಯದವರು. ಕೊಡಗಿನಲ್ಲಿ ಜೀತ ಎಂಬುದು ಸಾಲ ತೀರುವವರೆಗಿನ ದುಡಿಮೆಯಾಗಿರಲಿಲ್ಲ, ಹುಟ್ಟಿನಿಂದ ಬರುತ್ತಿದ್ದ ಬಂಧನವಾಗಿತ್ತು. ಭೂಮಿಯೊಡನೆ ಕೈಬದಲಾಗುತ್ತಿದ್ದ ಭೂಮಿಜಮ್ಮದ ಆಳುಗಳು, ಒಕ್ಕಲಿನ ಸ್ವಂತ ಸೊತ್ತೆಂದು ಎಣಿಸಲ್ಪಡುತ್ತಿದ್ದ ಒಕ್ಕಲುಜಮ್ಮದ ಆಳುಗಳು ಎಂಬ ಎರಡು ಬಗೆಗಳಿದ್ದವು. 1843ರ ಐದನೆಯ ಕಾಯಿದೆ ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿತ್ತು. ಆದರೆ ಒಡೆಯನನ್ನು ಬಿಟ್ಟ ಆಳು ಹೋಗುವುದಾದರೂ ಎಲ್ಲಿಗೆ? ಅವನಿಗೆ ನೆಲವಿಲ್ಲ, ಗುಡಿಸಲು ಒಡೆಯನದು, ಭತ್ತ ಒಡೆಯನ ಕಣಜದ್ದು.

1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯ ಬಳಿ ಕಾಫಿತೋಟವನ್ನು ತೆರೆದ ಮೇಲೆ ಕೊಡಗಿನ ಕಾಡುಗಳನ್ನು ಕಡಿದು ಕಾಫಿ ಬೆಳೆಯುವ ಭರಾಟೆ ಮೊದಲಾಯಿತು. ಕಾಫಿಯಿಂದ ಕೂಲಿ ಹುಟ್ಟಿತು. ಕೂಲಿಯಿಂದ ಆಳಿಗೆ ಒಡೆಯನ ಹೊರಗೆ ಬದುಕುವ ದಾರಿ ತೋರಿತು. ಮೋಗ್ಲಿಂಗ್ ಇದನ್ನು ಬೇಗನೆ ಗುರುತಿಸಿದರು. 1850ರ ದಶಕದ ಕೊನೆಯ ಭಾಗದಲ್ಲಿ ಸಿದ್ದಾಪುರ ಮತ್ತು ಅಮ್ಮತ್ತಿಯ ಕಡೆ ಕಾಡಿನ ಭೂಮಿಯನ್ನು ಪಡೆದು, ಸಭೆಗೆ ಸೇರಿದ ಕುಟುಂಬಗಳನ್ನು ಅಲ್ಲಿ ನೆಲೆಗೊಳಿಸಿ, ಕಾಫಿಯ ಕೃಷಿಯನ್ನು ಆರಂಭಿಸಲಾಯಿತು. ಈ ಕಾರ್ಯಕ್ಕೆ ಕೌಂಡಿನ್ಯರು ತಮ್ಮ ಪಿತ್ರಾರ್ಜಿತದ ಹಣವನ್ನು ತೊಡಗಿಸಿದರು. ಊರಿಗೆ ಆನಂದಪುರವೆಂದು ಹೆಸರಾಯಿತು. ಆನಂದರಾಯರ ಹೆಸರು ಆ ಊರಿನ ಹೆಸರಿನಲ್ಲಿ ಸೇರಿಕೊಂಡಿದೆ.

ಮಂಗಳೂರಿನ ಬ್ರಾಹ್ಮಣ ಮನೆತನವೊಂದರ ಆಸ್ತಿ ಕೊಡಗಿನ ಹೊಲೆಯರ ಬಿಡುಗಡೆಗೆ ಸಂದದ್ದು ಆ ಶತಮಾನದ ಕರ್ನಾಟಕದಲ್ಲಿ ಅಪರೂಪದ ಘಟನೆ. ಪತ್ರಿಕೆಯ ಮೊದಲ ಸಂಚಿಕೆಯ ದಿನವನ್ನು ನೆನೆಯುವಷ್ಟು ಇದನ್ನು ಯಾರೂ ನೆನೆಯುವುದಿಲ್ಲ. ಹದಿಹರೆಯದಲ್ಲಿ ಗುರುವಿನ ಹಿಂದೆ ನಡೆದ ಶಿಷ್ಯನೇ ಸಂಸ್ಥೆಯ ಬಲವಿಲ್ಲದೆ ನಿಂತ ಗುರುವಿನ ಕೆಲಸಕ್ಕೆ ಹಣವನ್ನೂ ಹೆಸರನ್ನೂ ಕೊಟ್ಟನು. ಸಭೆಯ ನಾಯಕರನ್ನು ಪ್ರಾರ್ಥನೆಯಿಂದ ಬೆಂಬಲಿಸುವುದು ಎಲ್ಲರೂ ಹೇಳುವ ಮಾತು. ಕೌಂಡಿನ್ಯರ ಬೆಂಬಲ ಎಕರೆಗಳಲ್ಲಿಯೂ ರೂಪಾಯಿಗಳಲ್ಲಿಯೂ ಲೆಕ್ಕಕ್ಕೆ ಸಿಗುವಂಥದ್ದು.

ಆನಂದಪುರದ ವ್ಯವಸ್ಥೆಯಲ್ಲಿ ತೊಡಕುಗಳಿದ್ದವು. ತೋಟದ ಯಜಮಾನಿಕೆಯೂ ಸಭಾಪಾಲನೆಯೂ ಒಂದೇ ಕೈಯಲ್ಲಿದ್ದರೆ ಭಾನುವಾರ ಉಪದೇಶ ಕೇಳುವವನೇ ಸೋಮವಾರ ಹಾಜರಿ ಪಟ್ಟಿಯಲ್ಲಿರುತ್ತಾನೆ. ಒಡೆಯನ ಕೈಯಿಂದ ಬಿಡಿಸಿಕೊಂಡವನು ಪಾದ್ರಿಯ ಕೈಕೆಳಗೆ ಬಂದನೆಂಬ ಟೀಕೆಗೆ ಇದರಿಂದ ಎಡೆಯಾಗುತ್ತದೆ. ಅದು ಪೂರ್ತಿ ಸುಳ್ಳೆನ್ನಲಾಗದು. ಆದರೆ ಸ್ವಂತ ಮನೆಯಲ್ಲಿ ಮಲಗುವ ಹಕ್ಕು, ಮಕ್ಕಳನ್ನು ಶಾಲೆಗೆ ಕಳುಹಿಸುವ ಅವಕಾಶ, ಮಾರಾಟಕ್ಕೊಳಗಾಗದ ಬದುಕು ಇವು ಆ ಕುಟುಂಬಗಳಿಗೆ ಹೊಸತಾಗಿದ್ದವೆಂಬುದೂ ಅಷ್ಟೇ ನಿಜ.

ಜೊತೆಗಾರರು

ಮೋಗ್ಲಿಂಗ್ ಅವರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಬೈಬಲ್ಲಿನ ಪರಿಷ್ಕರಣದಲ್ಲಿ ತೊಡಗಿದ್ದಾಗ 1855ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಅವರ ಪತ್ನಿ ಪೌಲಿನ್ ಬಾಕ್‌ಮೈಸ್ಟರ್ ಮಕ್ಕಳೊಂದಿಗೆ ಒಬ್ಬಂಟಿಯಾದರು. ಅದುವರೆಗೆ ಅವಿವಾಹಿತರಾಗಿದ್ದ ಮೋಗ್ಲಿಂಗ್ ಅವರನ್ನು ವರಿಸಿ ಆ ಮಕ್ಕಳಿಗೆ ತಂದೆಯಾದರು. ಮಿಷನ್ನಿನ ಇತಿಹಾಸಗಳು ಪಾದ್ರಿಗಳ ಪತ್ನಿಯರ ಬಗೆಗೆ ಒಂದೆರಡು ಸಾಲುಗಳನ್ನು ಮೀರಿ ಹೇಳುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನನ್ನು ಕಾಣದ ಮಡಿಕೇರಿಯಲ್ಲಿ ಮನೆಯನ್ನು ನಡೆಸಿದವರು, ಜ್ವರದವರಿಗೆ ಗಂಜಿ ಕಾಯಿಸಿದವರು, ಹೆಣ್ಣುಮಕ್ಕಳಿಗೆ ಅಕ್ಷರವನ್ನೂ ಹೊಲಿಗೆಯನ್ನೂ ಕಲಿಸಿದವರು ಈ ಹೆಂಗಸರು.

ಜಾರ್ಜ್ ರಿಕ್ಟರ್ 1850ರ ದಶಕದ ನಡುವಿನಲ್ಲಿ ಕೊಡಗಿಗೆ ಬಂದು ಮಡಿಕೇರಿಯ ಇಂಗ್ಲಿಷ್ ಶ��ಲೆಯ ಹೊಣೆಯನ್ನು ಹೊತ್ತರು. ಮುಂದೆ ಸೆಂಟ್ರಲ್ ಸ್ಕೂಲ್ ಆಗಿ ಬೆಳೆದ ಆ ಸಂಸ್ಥೆಯಿಂದ ಕೊಡಗಿನ ವಿದ್ಯಾವಂತರ ಒಂದು ತಲೆಮಾರು ಹೊರಬಂದಿತು. 1870ರಲ್ಲಿ ಅವರು ಪ್ರಕಟಿಸಿದ ಮ್ಯಾನ್ಯುಅಲ್ ಆಫ್ ಕೂರ್ಗ್ ಮೋಗ್ಲಿಂಗ್ ಅವರ ಪುಸ್ತಕದ ದಾರಿಯಲ್ಲಿಯೇ ಮುಂದೆ ಹೋದ ಗ್ರಂಥ. ಕನ್ನಡ ನಿಘಂಟಿನ ಕರ್ತೃ ಫರ್ಡಿನಂಡ್ ಕಿಟೆಲ್ ಕೂಡ ಕೆಲವು ವರ್ಷ ಮಡಿಕೇರಿಯಲ್ಲಿದ್ದು, ಕೊಡಗಿನ ಜನರ ನಂಬಿಕೆಗಳ ಬಗೆಗೆ 1873ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಮೋಗ್ಲಿಂಗ್ ಮತ್ತು ವೈಗ್ಲೆ ಆರಂಭಿಸಿದ ಕನ್ನಡದ ಅಭ್ಯಾಸ 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟಿನಲ್ಲಿ ತನ್ನ ಎತ್ತರವನ್ನು ಮುಟ್ಟಿತು.

ಜರ್ಮನಿಗೆ ಮರಳಿದ್ದು

ಪತ್ನಿಯ ಅನಾರೋಗ್ಯದ ಕಾರಣದಿಂದ ಮೋಗ್ಲಿಂಗ್ 1860ರಲ್ಲಿ ಕೊಡಗನ್ನು ಬಿಟ್ಟರು. ಮತ್ತೆ ಮರಳಲಿಲ್ಲ. ಆಗ ಅವರಿಗೆ ನಲವತ್ತೊಂಬತ್ತು ವರ್ಷ. ಅವರು ಆರಂಭಿಸಿದ ಆನಂದಪುರ ಇನ್ನೂ ಎಳೆಯ ಗಿಡವಾಗಿತ್ತು. 1860ರ ದಶಕದ ನಡುವಿನಲ್ಲಿ ಕೊಡಗಿನ ಕಾಫಿತೋಟಗಳಿಗೆ ಕಾಂಡಕೊರಕ ಹುಳುವಿನ ಹಾವಳಿ ಬಡಿದು ಅನೇಕ ತೋಟಗಾರರು ದಿಕ್ಕೆಟ್ಟರು. ಆ ಸಂಕಟದ ಕಾಲದಲ್ಲಿ ಮೋಗ್ಲಿಂಗ್ ದೂರದಲ್ಲಿದ್ದರು. ಸಭೆಯ ಭಾರವನ್ನು ಹೊತ್ತವರು ಅಲ್ಲಿಯೇ ಉಳಿದವರು.

ತಾಯ್ನಾಡಿನಲ್ಲಿ ಅವರು ಕನ್ನಡವನ್ನು ಬಿಡಲಿಲ್ಲ. ದಾಸರ ಪದಗಳ ಮತ್ತು ಲಕ್ಷ್ಮೀಶನ ಜೈಮಿನಿ ಭಾರತದ ಭಾಗಗಳ ಜರ್ಮನ್ ಅನುವಾದಗಳನ್ನು ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ 1860ರ ಮತ್ತು 1870ರ ದಶಕಗಳಲ್ಲಿ ಪ್ರಕಟಿಸಿದರು. ವೈಟ್‌ಬ್ರೆಕ್ಟ್ ಎಂಬವರೊಡನೆ ಸೇರಿ ಕೊಡಗು ನಾಡನ್ನೂ ಅಲ್ಲಿನ ಮಿಷನ್ನನ್ನೂ ಕುರಿತು ಬರೆದ ಜರ್ಮನ್ ಪುಸ್ತಕ 1866ರಲ್ಲಿ ಹೊರಬಂದಿತು. ಸಭೆಯ ಬೆಂಬಲಿಗರಿಗೆ ಅದು ವರದಿಯೂ ಹೌದು, ಬಿಟ್ಟುಬಂದ ನಾಡಿನ ನೆನಪೂ ಹೌದು. 1881ರ ಮೇ 10ರಂದು ಎಸ್‌ಲಿಂಗನ್ ನಗರದಲ್ಲಿ ಅವರು ನಿಧನರಾದರು. ಮರುವರ್ಷವೇ ಹಳೆಯ ಗೆಳೆಯ ಗುಂಡರ್ಟ್ ಅವರ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು. ಮೋಗ್ಲಿಂಗ್ ಅವರ ಕುರಿತು ಇಂದು ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಆ ಪುಸ್ತಕದಿಂದ ಬಂದದ್ದು.

ಕೌಂಡಿನ್ಯರು ಮಂಗಳೂರಿನಲ್ಲಿ ಅಧ್ಯಾಪನವನ್ನು ಮುಂದುವರಿಸಿದರು. 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ವಿವಾಹವಾದರು. ಗುರು ತೀರಿಕೊಂಡ ಹನ್ನೆರಡು ವರ್ಷಗಳ ನಂತರ, 1893ರಲ್ಲಿ, ಅವರು ನಿಧನರಾದರು.

ನಂತರದ ಕಾಲದಲ್ಲಿ

ಕೊಡಗಿನಲ್ಲಿ ಬಾಸೆಲ್ ಮಿಷನ್ನಿನ ಸಭೆಗಳು ಎಂದೂ ದೊಡ್ಡದಾಗಿ ಬೆಳೆಯಲಿಲ್ಲ. ಕೊಡವರಲ್ಲಿ ಆಲ್ಮಂಡ ಸೋಮಯ್ಯನವರ ದಾರಿಯನ್ನು ತುಳಿದವರು ತೀರ ಕಡಿಮೆ. ಒಂದು ಇಡೀ ಜನಾಂಗ ತನ್ನನ್ನು ಹಿಂಬಾಲಿಸುವುದೆಂಬ ನಿರೀಕ್ಷೆಯಿಂದ ಮೋಗ್ಲಿಂಗ್ ಘಟ್ಟ ಹತ್ತಿದ್ದರೆ ಅದು ಈಡೇರಲಿಲ್ಲ. ಸರ್ಕಾರದ ಗೆಜೆಟಿಯರುಗಳು ಕೊಡಗಿನ ಮಿಷನ್ನಿನ ವಿಷಯಕ್ಕೆ ಬಂದಾಗ ಮಡಿಕೇರಿಯ ಕೇಂದ್ರವನ್ನೂ ಆನಂದಪುರದ ಬೇಸಾಯದ ವಸಾಹತನ್ನೂ ಕೆಲವು ಸಾಲುಗಳಲ್ಲಿ ಹೇಳಿ ಮುಗಿಸುತ್ತವೆ. ಬಾಸೆಲ್ ಮಿಷನ್ನಿನ ಹಳೆಯ ಸಭೆಗಳು ಈಗ ದಕ್ಷಿಣ ಭಾರತ ಸಭೆಗೆ ಸೇರಿವೆ; ಅವುಗಳ ಸಭಾಪಾಲಕರೂ ಹಿರಿಯರೂ ಇಲ್ಲಿನವರೇ.

ಕರ್ನಾಟಕದಲ್ಲಿ ಮೋಗ್ಲಿಂಗ್ ಅವರ ಬಗೆಗೆ ಹೊಸ ಆಸಕ್ತಿ ಮೂಡಿದ್ದು ಪತ್ರಿಕೆಯ ಮೂಲಕ. ಜರ್ಮನಿಯಲ್ಲಿ ವಿದ್ವಾಂಸ ಆಲ್ಬ್ರೆಕ್ಟ್ ಫ್ರೆಂಜ್ ಆನಂದಪುರದ ಚರಿತ್ರೆಯನ್ನು ಕುರಿತು 2003ರಲ್ಲಿ ಗ್ರಂಥವೊಂದನ್ನು ಹೊರತಂದು, ಕೊಡಗಿಗೂ ಮೋಗ್ಲಿಂಗ್ ಹುಟ್ಟಿದ ಪ್ರಾಂತಕ್ಕೂ ಇದ್ದ ನಂಟನ್ನು ಮತ್ತೆ ಬೆಳಕಿಗೆ ತಂದರು. ಸಿದ್ದಾಪುರದ ಕಡೆಯ ಆನಂದಪುರ ಇಂದಿಗೂ ಆ ಹೆಸರಿನಿಂದಲೇ ಇದೆ.